ಅರ್ಥವಾದ ಮೇಲೆ ರುಜು

ಗುಮಾಸ್ತರು: ಅರ್ಥ ಆಗದ ಕಾಗದಕ್ಕೆ ನಾನು ರುಜು ಹಾಕಲ್ಲ ಕಣಮ್ಮ. ಮೂವತ್ತೆರಡು ವರ್ಷದಲ್ಲಿ ಒಂದು ಸಲವೂ ಹಾಕಿಲ್ಲ.

ಹುಡುಗಿ: ನೆಟ್‌ವರ್ಕ್ ಬಂತಲ್ಲ ಸಾರ್. ನೀವೇ ನೋಡಿದ್ರಿ.

ಗುಮಾಸ್ತರು: ಬಂತು. ಹೋಗಿದ್ದು ಯಾಕೆ, ಬಂದಿದ್ದು ಹೇಗೆ?

ಅದು ಆಸ್ಪತ್ರೆಯ ದಾಖಲೆ ಕೋಣೆ. ನೆಲದಿಂದ ಸೂರಿನವರೆಗೆ ರೋಗಿಗಳ ಫೈಲುಗಳು, ನಡುವೆ ಹಿರಿಯ ಗುಮಾಸ್ತರ ಮೇಜು. ಮೂರು ದಿನದಿಂದ ಅವರ ಕಂಪ್ಯೂಟರಿಗೆ ನೆಟ್‌ವರ್ಕ್ ಬಂದರೆ ಬಂತು, ಹೋದರೆ ಹೋಯಿತು. ರೋಸಿಹೋದ ಗುಮಾಸ್ತರು, ಇದಕ್ಕೆ ಕಾರಣರಾದವರು ಯಾರೇ ಆಗಿರಲಿ, ಸುಮ್ಮನೆ ಬಿಡಬಾರದು ಎಂದು ಸಾಹೇಬರಿಗೆ ನಾಲ್ಕು ಪುಟದ ದೂರು ಬರೆದಿದ್ದರು.

ದುರಸ್ತಿಗೆ ಬಂದ ಹುಡುಗಿ ಈ ಕೆಲಸಕ್ಕೆ ಸೇರಿ ಇವತ್ತಿಗೆ ಮೂರು ತಿಂಗಳು. ಐದು ಗಂಟೆಯೊಳಗೆ ರುಜು ಬಿದ್ದ ಹತ್ತು ವರದಿ ಒಪ್ಪಿಸಿದರೆ ನೌಕರಿ ಕಾಯಂ, ಇಲ್ಲದಿದ್ದರೆ ನಾಳೆಯಿಂದ ಮನೆ. ಒಂಬತ್ತು ಕೈಯಲ್ಲಿದ್ದವು. ಈಗಾಗಲೇ ನಾಲ್ಕೂವರೆ. ತರಬೇತಿಯಲ್ಲಿ ಕಲಿತದ್ದನ್ನೆಲ್ಲ ಒಂದಾದ ಮೇಲೊಂದು ಮಾಡಿದ್ದಳು, ಯಾವುದರಿಂದ ಸರಿಹೋಯಿತೋ ದೇವರೇ ಬಲ್ಲ. ಯಾವುದಕ್ಕೂ ಇರಲಿ ಎಂದು ಎಲ್ಲವನ್ನೂ ವರದಿಯಲ್ಲಿ ತುಂಬಿದ್ದಳು.

ಗುಮಾಸ್ತರು: ಐಪಿ ಅಡ್ರೆಸ್ ಅಂದ್ರೇನು?

ಹುಡುಗಿ: ವಿಳಾಸ ಸಾರ್. ಒಂದೊಂದು ಕಂಪ್ಯೂಟರಿಗೂ ಒಂದೊಂದು. ಡಿಎಚ್‌ಸಿಪಿ ಅದನ್ನ ಹಂಚುತ್ತೆ. ಅವಧಿ ಮುಗಿದ ಮೇಲೆ ಬದಲಾಗಬಹುದು.

ಗುಮಾಸ್ತರು: ಈ ಕಂಪ್ಯೂಟರ್ ಹನ್ನೊಂದು ವರ್ಷದಿಂದ ಇದೇ ಮೇಜಿನ ಮೇಲಿದೆ. ವಿಳಾಸ ಯಾಕೆ ಬದಲಾಗ್ಬೇಕು?

ಹುಡುಗಿ: ಬಾಡಿಗೆ ಮನೆ ಥರ ಅಂದ್ಕೊಳ್ಳಿ ಸಾರ್.

ಗುಮಾಸ್ತರು: ನಾನು ಸ್ವಂತ ಮನೆಯವನು. ಮುಂದೆ. ಡಿಎನ್‌ಎಸ್?

ಹುಡುಗಿ: ಹೆಸರು ಹೇಳಿದ್ರೆ ಅದರ ನಂಬರ್ ಹುಡುಕಿಕೊಡುತ್ತೆ.

ಗುಮಾಸ್ತರು: ನಾನಿಲ್ಲಿ ಮಾಡ್ತಿರೋದು ಇನ್ನೇನು? ರೋಗಿ ಹೆಸರು ಹೇಳ್ತಾನೆ, ನಾನು ಫೈಲ್ ನಂಬರ್ ಹುಡುಕ್ತೀನಿ. ಯಾರಾದ್ರೂ ನನ್ನನ್ನ ಡಿಎನ್‌ಎಸ್ ಅಂತ ಕರೆದಿದಾರಾ?

ಹುಡುಗಿ: ಇಲ್ಲ ಸಾರ್.

ಗುಮಾಸ್ತರು: ಫೈರ್‌ವಾಲ್?

ಹುಡುಗಿ: ಬೇಡದವರನ್ನ ಒಳಗೆ ಬಿಡಲ್ಲ.

ಗುಮಾಸ್ತರು: ನಿನ್ನನ್ನ ಹೇಗೆ ಬಿಡ್ತು? ಸರಿ, ಇಲ್ಲಿ ಪಾಸ್‌ವರ್ಡ್ ಬದಲಾಯಿಸಲಾಗಿದೆ ಅಂತಿದೆ. ಯಾರನ್ನ ಕೇಳಿ?

ಹುಡುಗಿ: ನೀವು ಅದನ್ನ ಚೀಟಿಯಲ್ಲಿ ಬರೆದು ಪರದೆ ಮೇಲೆ ಅಂಟಿಸಿದ್ರಿ. ಯಾರು ಬೇಕಾದ್ರೂ ಓದಬಹುದಿತ್ತು ಸಾರ್.

ಗುಮಾಸ್ತರು: ನನ್ನ ಅಕ್ಷರ ಓದೋಕೆ ನನ್ನ ಹೆಂಡತಿ ಕೈಲೇ ಆಗಲ್ಲ. ನಿನ್ನ ಫೈರ್‌ವಾಲ್‌ಗಿಂತ ಗಟ್ಟಿ ಅದು. ಅಯ್ಯೋ, ನೋಡು, ಮತ್ತೆ ಹೋಯ್ತು.

ಹುಡುಗಿ ಗಡಿಯಾರ ನೋಡಿದಳು. ಗಂಟೆ ನಾಲ್ಕೂ ನಲವತ್ತು. ಇನ್ನು ಮಾಡಲು ಉಳಿದದ್ದು ಒಂದೇ, ಮೇಜಿನ ಕೆಳಗೆ ತೂರುವುದು. ತೂರಿದಳು. ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದ್ದ ನೆಟ್‌ವರ್ಕ್ ವಯರಿನ ಮೇಲೆ ಗುಮಾಸ್ತರ ಬಲಗಾಲು ರಾಜಠೀವಿಯಿಂದ ಕೂತಿತ್ತು. ಅವರಿಗೆ ಸಿಟ್ಟು ಬಂದರೆ ಕಾಲು ಕುಣಿಯುತ್ತಿತ್ತು. ಕಾಲು ಕುಣಿದರೆ ವಯರ್ ಸಡಿಲವಾಗಿ ನೆಟ್‌ವರ್ಕ್ ಹೋಗುತ್ತಿತ್ತು. ನೆಟ್‌ವರ್ಕ್ ಹೋದರೆ ಅವರಿಗೆ ಇನ್ನೂ ಸಿಟ್ಟು ಬರುತ್ತಿತ್ತು.

ಹುಡುಗಿ: ಸಾರ್, ಕಾಲು ಎತ್ತಿ.

ಗುಮಾಸ್ತರು: ಎತ್ತಿದೆ. ಆಹಾ, ಬಂತು.

ಹುಡುಗಿ: ಈಗ ಇಳಿಸಿ, ಕುಣಿಸಿ.

ಗುಮಾಸ್ತರು: ಹೋಯ್ತು.

ಹುಡುಗಿ: ಎತ್ತಿ.

ಗುಮಾಸ್ತರು: ಬಂತು. ಇದೇನಮ್ಮ, ನನ್ನ ಕೈಲಿ ಕಸರತ್ತು ಮಾಡಿಸ್ತಿದೀಯಾ?

ಹುಡುಗಿಗೆ ಮೇಜಿನ ಕೆಳಗೇ ನಗು ಉಕ್ಕಿತು. ವಯರನ್ನು ಬಿಗಿಯಾಗಿ ಕೂರಿಸಿ ಹೊರಗೆ ಬಂದವಳು ಹಳೆಯ ವರದಿಯನ್ನು ಹರಿದು ಬುಟ್ಟಿಗೆ ಹಾಕಿ, ಹೊಸದನ್ನು ಎರಡೇ ಸಾಲಿನಲ್ಲಿ ಬರೆದಳು: ‘ಹಿರಿಯ ಗುಮಾಸ್ತರ ಕಾಲು ತಗುಲಿ ವಯರ್ ಸಡಿಲವಾಗಿತ್ತು. ಬಿಗಿಯಾಗಿ ಕೂರಿಸಲಾಗಿದೆ.’

ಹುಡುಗಿ: ಇದರಲ್ಲಿ ಅರ್ಥ ಆಗದ ಪದ ಇದ್ರೆ ಹೇಳಿ ಸಾರ್.

ಗುಮಾಸ್ತರು ಓದಿದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ಅವರ ಮುಖ ಇಂಗು ತಿಂದ ಮಂಗನಂತಾಯಿತು.

ಗುಮಾಸ್ತರು: ಎಲ್ಲಾ ಅರ್ಥ ಆಗುತ್ತೆ. ಸಾಹೇಬ್ರಿಗೂ ಅರ್ಥ ಆಗುತ್ತೆ. ಅದೇ ತೊಂದರೆ.

ಹುಡುಗಿ: ರುಜು ಸಾರ್. ಇನ್ನು ಹತ್ತೇ ನಿಮಿಷ ಇದೆ.

ಗುಮಾಸ್ತರು: ಮೊದಲಿನದೇ ಚೆನ್ನಾಗಿತ್ತು ಕಣಮ್ಮ. ಆ ಬಾಡಿಗೆ ಮನೆಯದು, ಏನದು, ಡಿಎಚ್‌ಸಿಪಿ, ಅದನ್ನ ಮೇಲೆ ಹಾಕು.

ಹುಡುಗಿ: ತೊಂದರೆ ಅಲ್ಲಿರಲಿಲ್ಲ ಸಾರ್. ಸುಳ್ಳು ಬರೆಯಲ್ಲ. ವಯರ್ ಸಡಿಲ ಇತ್ತು.

ಗುಮಾಸ್ತರು: ಸುಳ್ಳು ಬರಿ ಅಂತ ಯಾರು ಹೇಳಿದ್ರು? ವಯರಿಗೆ ನಿಮ್ಮ ಭಾಷೆಲಿ ಬೇರೆ ಹೆಸರಿಲ್ವಾ?

ಹುಡುಗಿ: ಅದು ಫಿಸಿಕಲ್ ಲೇಯರ್‌ಗೆ ಸೇರುತ್ತೆ.

ಗುಮಾಸ್ತರು: ಭೇಷ್. ಬಂದು ಹೋಗಿ ಮಾಡೋದಕ್ಕೆ?

ಹುಡುಗಿ: ಇಂಟರ್‌ಮಿಟೆಂಟ್ ಫಾಲ್ಟ್.

ಗುಮಾಸ್ತರು: ಕಾಲಿಗೆ?

ಹುಡುಗಿ: ಯೂಸರ್ ಎಂಡ್ ಅಂತ ಬರೀಬಹುದು ಸಾರ್.

ಗುಮಾಸ್ತರು: ಬರಿ ಮಗಳೇ, ಬರಿ. ದೊಡ್ಡ ಅಕ್ಷರದಲ್ಲಿ ಬರಿ.

ಇನ್ನೊಂದು ಹಾಳೆಯಲ್ಲಿ ಹಾಗೇ ಬರೆದಳು. ಗುಮಾಸ್ತರು ಒಂದೇ ಏಟಿಗೆ ರುಜು ಎಳೆದು, ಕೆಳಗೆ ತಾರೀಖು ಹಾಕಿ, ಎಂದೂ ಯಾರಿಗೂ ಮುಟ್ಟಲು ಬಿಡದ ಮೊಹರನ್ನೂ ತೆಗೆದು ಒತ್ತಿದರು. ಹುಡುಗಿ ಹತ್ತೂ ಕಾಗದಗಳನ್ನು ಎದೆಗೆ ಅವುಚಿಕೊಂಡು ಬಾಗಿಲವರೆಗೆ ಓಡಿದವಳು, ತಡೆಯಲಾರದೆ ತಿರುಗಿದಳು.

ಹುಡುಗಿ: ಎಲ್ಲಾ ಅರ್ಥ ಆಯ್ತಾ ಸಾರ್?

ಗುಮಾಸ್ತರು: ಆಗಿದ್ರೆ ರುಜು ಹಾಕ್ತಿದ್ನೇನಮ್ಮ?