ಹಿಮದ ಸರಪಳಿ, ಬಳಗಾನೂರಿನ ಕೆಸರು

ಮೂರ್ಖರನ್ನು ಕಂಡರೆ ತಿರಸ್ಕಾರ ಉಕ್ಕುವುದು ನನ್ನ ಹುಟ್ಟುಗುಣ. ಅದನ್ನು ಬಿಡಿಸಲು ಹೆಂಡತಿ ಗಿರಿಜಾ ಮದುವೆಯಾದಾಗಿನಿಂದ ಹೆಣಗುತ್ತಿದ್ದಾಳೆ. ಆದರೆ ತನ್ನ ತಮ್ಮ ಅಮರೇಶನಂಥವನನ್ನು ಕಣ್ಣೆದುರು ತಂದು ನಿಲ್ಲಿಸಿ, ತಿರಸ್ಕಾರ ಬಿಡಿ ಎಂದರೆ ಯಾವ ಗಂಡಸು ತಾನೇ ಸುಧಾರಿಸಿಯಾನು? ನಾನು ಸಿಂಧನೂರಿನ ಕಾಲೇಜೊಂದರಲ್ಲಿ ಗುಮಾಸ್ತ. ಬಳಗಾನೂರಿನಲ್ಲಿ ಕಾಲುವೆ ನೀರಿನ ಎರಡು ಎಕರೆ ಗದ್ದೆಯಿದೆ. ನಮ್ಮ ಮನೆಯ ವರ್ಷದ ಅಕ್ಕಿ ಅಲ್ಲಿಂದಲೇ ಬರಬೇಕು. ಸಾಗುವಳಿ ಅಮರೇಶನದು. ಅವನ ಹತ್ತಿರ ಒಂದು ಸಣ್ಣ ಟ್ರ್ಯಾಕ್ಟರ್ ಇದೆ, ಒಂದು ದೊಡ್ಡ ಮೊಬೈಲ್ ಇದೆ. ತಲೆಯ ಕೆಲಸವನ್ನೆಲ್ಲ ಅವನು ಮೊಬೈಲಿಗೇ ವಹಿಸಿಕೊಟ್ಟಿದ್ದಾನೆ.

ಭತ್ತ ನಾಟಿ ಮಾಡುವ ಮುಂಚೆ ಗದ್ದೆಗೆ ನೀರು ಬಿಟ್ಟು, ಟ್ರ್ಯಾಕ್ಟರಿಗೆ ಪಂಜರದಂಥ ಕಬ್ಬಿಣದ ಗಾಲಿ ಕಟ್ಟಿ, ಮಣ್ಣನ್ನು ಅಂಬಲಿಯಂತೆ ಕಲಸಬೇಕು. ಆ ಗಾಲಿಯಲ್ಲಿ ಡಾಂಬರು ರಸ್ತೆಯ ಮೇಲೆ ಹೋದರೆ ರಸ್ತೆ ಕಿತ್ತುಹೋಗುತ್ತದೆ, ಜನ ಅಡ್ಡ ನಿಂತು ಬೈಯುತ್ತಾರೆ. ಹಾಗಾಗಿ ಗದ್ದೆಯ ಬದುವಿನಲ್ಲೇ ಕಟ್ಟಬೇಕು, ಅಲ್ಲೇ ಬಿಚ್ಚಬೇಕು. ಅಮರೇಶನ ಸೊಂಟಕ್ಕೆ ಇದು ಒಗ್ಗುವುದಿಲ್ಲ. ಒಂದು ಭಾನುವಾರ ನಮ್ಮ ಮನೆಗೆ ಬಂದವನೇ ಮೊಬೈಲನ್ನು ನನ್ನ ಮೂಗಿನ ಹತ್ತಿರ ಹಿಡಿದ. ಯಾವುದೋ ಚಳಿದೇಶದ ಮುದುಕ, ಸಣ್ಣ ಟ್ರ್ಯಾಕ್ಟರಿನ ಟೈರುಗಳಿಗೆ ಸರಪಳಿ ಸುತ್ತಿಕೊಂಡು, ಅಂಗಳದ ಹಿಮ ತಳ್ಳುತ್ತಿದ್ದ.

“ನೋಡ್ರಿ ಮಾಮಾ, ಗಾಲಿ ಒಂಚೂರರ ಜಾರಾಕತ್ತೈತೇನು? ಇದನ್ನ ಹಾಕ್ಕೊಂಡು ರೋಡಿನ ಮ್ಯಾಲೂ ಹೋಗಬಹುದು, ಗದ್ಯಾಗೂ ಇಳೀಬಹುದು.”

“ಅದು ಹಿಮ ಐತಲೇ. ನಮ್ಮದು ಎರಿಮಣ್ಣು,” ಎಂದೆ.

“ಹಿಮ ಅಂದ್ರೂ ನೀರೇ, ಕೆಸರಂದ್ರೂ ನೀರೇ. ಭಾಳ ಫರಕೇನಿಲ್ಲ ಬಿಡ್ರಿ.”

ಸಿಂಧನೂರಿನಲ್ಲಿ ಹಿಮ ಕಾಣಬೇಕೆಂದರೆ ನಮ್ಮ ಫ್ರಿಜ್ಜಿನ ಮೇಲಿನ ಬಾಗಿಲು ತೆರೆಯಬೇಕು. ಅಲ್ಲಿ ಬೆಳೆದದ್ದನ್ನು ಗಿರಿಜಾ ಆಗಾಗ ಚಮಚದಿಂದ ಕೆರೆದು ತೆಗೆಯುತ್ತಾಳೆ. ಚಮಚಕ್ಕೆ ಸರಪಳಿ ಸುತ್ತಿದ್ದನ್ನು ನಾನು ನೋಡಿಲ್ಲ. ಇದನ್ನೇ ಹೇಳಿದೆ. “ನನ್ನ ತಮ್ಮ ಏನರ ಹೊಸಾದು ಮಾಡಿದ್ರ ನಿಮಗ ಹೊಟ್ಟಿ ಉರಿತೈತಿ,” ಎಂದು ಗಿರಿಜಾ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ನನಗೆ ಹಾಕಲಿಲ್ಲ.

ಅಮರೇಶ ಗುಜರಿ ಅಂಗಡಿಯ ಸರಪಳಿ ತಂದು, ವೆಲ್ಡಿಂಗ್ ಮಾಡಿಸಿ, ಟೈರುಗಳಿಗೆ ತೊಡಿಸಿದ. ನಾಟಿಯ ದಿನ ಬಂತು. ಪಾಮನಕಲ್ಲೂರಿನಿಂದ ಹನುಮಮ್ಮನ ಹೆಣ್ಣಾಳುಗಳ ತಂಡ ಮಧ್ಯಾಹ್ನಕ್ಕೆ ಬರುವುದಿತ್ತು. ಮರುದಿನ ಅವರು ಮಸ್ಕಿ ಕಡೆಯವರಿಗೆ ಮಾತು ಕೊಟ್ಟಿದ್ದರು. ಇವತ್ತು ಗದ್ದೆ ಸಿದ್ಧವಾಗದಿದ್ದರೆ ಅವರು ಮತ್ತೆ ಸಿಗುವಷ್ಟರಲ್ಲಿ ಸಸಿ ಬಲಿತುಹೋಗುತ್ತದೆ, ಅಕ್ಕಿಯ ಆಸೆ ಬಿಡಬೇಕಾಗುತ್ತದೆ. ನಾನು ರಜೆ ಹಾಕಿ ಹೋದೆ. ನಿಜ ಹೇಳುತ್ತೇನೆ, ಹೋದದ್ದು ನಾಟಿ ನೋಡಲಿಕ್ಕಲ್ಲ, ಅಮರೇಶ ಕೆಸರಿನಲ್ಲಿ ಸಿಕ್ಕಿಬೀಳುವುದನ್ನು ನೋಡಲಿಕ್ಕೆ. ಗದ್ದೆ ನನ್ನದೇ ಎನ್ನುವುದು ಆಗ ನೆನಪಿಗೇ ಬರಲಿಲ್ಲ.

ಅವನು ನನ್ನನ್ನು ನಿರಾಸೆಗೊಳಿಸಲಿಲ್ಲ. ಸಾಧನೆಯ ವಿಡಿಯೋ ಆಗಲೆಂದು ಮೊಬೈಲನ್ನು ಬದುವಿನ ಜಾಲಿಗಿಡಕ್ಕೆ ಕಟ್ಟಿ, ಟ್ರ್ಯಾಕ್ಟರ್ ಇಳಿಸಿದ. ಅರ್ಧ ಸುತ್ತು ಹೋಗುವಷ್ಟರಲ್ಲಿ ಎರಿಮಣ್ಣು ಸರಪಳಿಯ ಸಂದಿಗಳಲ್ಲಿ ಮೆತ್ತಿ, ಗಾಲಿಗಳು ಎರಡು ಕೆಸರಿನ ಉಂಡೆಗಳಾದವು. ಆಮೇಲೆ ಅವು ನಿಂತಲ್ಲೇ ಗಿರಗಿರ ತಿರುಗಿದವು. ಟ್ರ್ಯಾಕ್ಟರ್ ಹೊಟ್ಟೆಯವರೆಗೆ ಹೂತಿತು. ಅಷ್ಟೊತ್ತಿಗೆ ಬಂದ ಹೆಣ್ಣಾಳುಗಳು ಬದುವಿನ ಮೇಲೆ ಕುಳಿತು ಎಲೆಯಡಿಕೆ ಬಿಚ್ಚಿದರು. ಹನುಮಮ್ಮ ನನ್ನನ್ನು ಕೇಳಿದಳು: “ಅಣ್ಣಾರ, ನಾಟಿ ನಾವು ಮಾಡಬೇಕಂತ ಬಂದ್ರ, ನೀವಾಗಲೇ ಟ್ರ್ಯಾಕ್ಟರ್ ನಾಟಿ ಮಾಡೀರಲ್ರಿ.”

ನನಗೆ ಪರಮಾನಂದ. ಬದುವಿನ ಮೇಲಿಂದಲೇ ಹಿಮದ ಗುಣ, ಮಣ್ಣಿನ ಗುಣ, ಅಮರೇಶನ ಗುಣ ಮೂರನ್ನೂ ವಿವರಿಸಿದೆ. ಎಂಜಿನ್ನಿನ ಸದ್ದಿಗೆ ಅವನಿಗೆ ಒಂದು ಮಾತೂ ಕೇಳಿಸಲಿಲ್ಲ. ಇಂಥ ಮಾತು ವ್ಯರ್ಥವಾಗಬಾರದೆಂದು, ಕಾಲೇಜಿಗೆ ಹಾಕುವ ಶೂ ಸಮೇತ ಗದ್ದೆಗಿಳಿದೆ. ನಾಲ್ಕು ಹೆಜ್ಜೆಗೆ ಮೊಣಕಾಲು ಮಾಯವಾಯಿತು. ಬಲಗಾಲು ಎತ್ತಿದರೆ ಎಡಗಾಲು ಇಳಿಯಿತು, ಎಡಗಾಲು ಎತ್ತಿದರೆ ನಾನೇ ಕುಳಿತೆ.

“ಅಮರೇಶಪ್ಪಾ, ನಿಮ್ಮ ಮಾಮಾನೂ ಹೂತಾರ ನೋಡಪಾ,” ಎಂದಳು ಹನುಮಮ್ಮ.

ಅಮರೇಶ ಎಂಜಿನ್ ಆರಿಸಿದ. ಗಾಲಿಯಿಂದ ಒಂದು ಸರಪಳಿ ಬಿಚ್ಚಿ, ಒಂದು ತುದಿಯನ್ನು ಬದುವಿಗೆ ಒಯ್ದು ಹೆಣ್ಣಾಳುಗಳ ಕೈಗಿತ್ತು, ಇನ್ನೊಂದನ್ನು ನನ್ನತ್ತ ಎಸೆದ. “ಗಟ್ಟಿ ಹಿಡೀರಿ ಮಾಮಾ.” ಹಿಡಿದೆ. ಅವರು ನಗುತ್ತಲೇ ಎಳೆದರು. ಸರಪಳಿ ಒಂಚೂರೂ ಜಾರಲಿಲ್ಲ. ನಾನು ಬಂದೆ, ಶೂ ಬರಲಿಲ್ಲ.

ಪಕ್ಕದ ಗದ್ದೆಯ ಖಾಜಾಸಾಬರು ತಮ್ಮ ಕಬ್ಬಿಣದ ಗಾಲಿಯ ಟ್ರ್ಯಾಕ್ಟರ್ ತಂದು, ಅಮರೇಶನದನ್ನು ಹೊರಗೆಳೆದು, ಗದ್ದೆ ಕಲಸಿಕೊಟ್ಟರು. ಹೊತ್ತು ಮುಳುಗುವುದರೊಳಗೆ ಹನುಮಮ್ಮನ ತಂಡ ನಾಟಿ ಮುಗಿಸಿತು. ಅಕ್ಕಿ ಉಳಿಯಿತು, ಮಾನ ಉಳಿಯಲಿಲ್ಲ. ಜಾಲಿಗಿಡದ ಮೊಬೈಲ್ ಎಲ್ಲವನ್ನೂ ನೋಡುತ್ತಲೇ ಇತ್ತು. ಲಿಂಗಸುಗೂರಿನ ನೆಂಟರವರೆಗೂ ಈಗ ಆ ವಿಡಿಯೋ ಮುಟ್ಟಿದೆ. ಗಿರಿಜಾ ನಾನು ಊಟಕ್ಕೆ ಕುಳಿತಾಗಲೇ ಅದನ್ನು ಹಚ್ಚುತ್ತಾಳೆ. “ಸರಪಳಿ ಕೆಲಸಕ್ಕ ಬರಂಗಿಲ್ಲ ಅಂದಿದ್ರಿ. ಇಷ್ಟು ದೊಡ್ಡ ಮಾಲು ಎಳದೈತಲ್ರಿ.”

ಆ ಸರಪಳಿ ಈಗ ನಮ್ಮ ಮನೆಯ ಬಾಗಿಲ ಹಿಂದೆ ತೂಗುತ್ತಿದೆ. ನಾನು ಗದ್ದೆಗೆ ಹೊರಟರೆ ಗಿರಿಜಾ ಬುತ್ತಿಯ ಜೊತೆ ಅದನ್ನೂ ಕೈಗೆ ಕೊಡುತ್ತಾಳೆ. ಇಂಥ ಮೂರ್ಖತನ ನಾನು ಎಲ್ಲೂ ಕಂಡಿಲ್ಲ. ಬೈದುಕೊಂಡೇ ಒಯ್ಯುತ್ತೇನೆ, ಆದರೆ ಒಯ್ಯುತ್ತೇನೆ.