ಹನ್ನೆರಡು ಸದ್ದಿನ ಪಂಚಾಕ್ಷರಪ್ಪ

ಅವತ್ತು ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಇಂಗ್ಲಿಷ್ ಮೇಷ್ಟ್ರು ರುದ್ರಮುನಿ ಬಾಯಿ ಮುಚ್ಚಿಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ‘ಬಾಕ್ಸ್’ ಎಂಬ ಇಂಗ್ಲಿಷ್ ಪದಕ್ಕೆ ಅಕ್ಷರ ಮೂರೇ ಆದರೂ ಸದ್ದು ಮಾತ್ರ ನಾಲ್ಕು ಎಂದು ಹೇಳಿಬಿಟ್ಟ. ಬ್, ಆ, ಕ್, ಸ್.

ಪಿ.ಟಿ. ಮೇಷ್ಟ್ರು ಬಕ್ಕೇಶ್ ಸ್ಪೆಲ್ಲಿಂಗಿನಲ್ಲಿ ಮೂರಿದ್ದರೆ ಮೂರೇ ಎಂದರು. ಕನ್ನಡದ ಕಸ್ತೂರಮ್ಮ ಮೇಡಂ ಪ್ರಕಾರ ಅದು ಒಂದೂವರೆ ಅಕ್ಷರ. ಪ್ರಾರ್ಥನೆಯ ಗಂಟೆ ಹೊಡೆಯುವಷ್ಟರಲ್ಲಿ ಶಾಲೆಯಲ್ಲಿ ಮೂರು ಪಕ್ಷಗಳಾಗಿದ್ದವು. ಯಾರೋ ಪುಣ್ಯಾತ್ಮರು ಆಡಳಿತ ಮಂಡಳಿಯ ಅಧ್ಯಕ್ಷರಿಗೆ ಫೋನು ಹಚ್ಚಿ, ಹೊಸ ಮೇಷ್ಟ್ರಿಗೆ ಮೂರು ಎಣಿಸಲಿಕ್ಕೂ ಬರುವುದಿಲ್ಲ ಎಂದು ಚಾಡಿ ಹೇಳಿದರು.

ರುದ್ರಮುನಿ ದಾವಣಗೆರೆ ಪಕ್ಕದ ಕರೂರಿನ ಫ್ಯಾಕ್ಟರಿಯ ಸೂಪರ್‌ವೈಸರ್ ಕೆಲಸ ಬಿಟ್ಟು, ಮಕ್ಕಳಿಗೆ ಇಂಗ್ಲಿಷಿನ ಸದ್ದು ಕಲಿಸುವ ತರಬೇತಿ ಪಡೆದವನು. ವರ್ಷದಿಂದ ದಾವಣಗೆರೆಯಿಂದ ಹರಿಹರದ ಈ ಶಾಲೆಗೆ ಬಸ್ಸಿನಲ್ಲಿ ನಿಂತುಕೊಂಡೇ ಓಡಾಡುತ್ತಿದ್ದ. ಕೆಲಸ ಕಾಯಂ ಆಗುವುದು ಅಧ್ಯಕ್ಷರ ಕೈಯಲ್ಲಿತ್ತು. ಹಳೇ ಕೆಲಸಕ್ಕೆ ಮರಳುವಂತಿರಲಿಲ್ಲ. ಆ ಕುರ್ಚಿಯಲ್ಲಿ ಈಗ ಅವನ ಭಾವಮೈದುನನೇ ಕೂತಿದ್ದ.

ಮಧ್ಯಾಹ್ನ ಅಧ್ಯಕ್ಷ ಪಂಚಾಕ್ಷರಪ್ಪನವರು ದಾವಣಗೆರೆಯ ಜವಳಿ ಅಂಗಡಿ ಬಿಟ್ಟು ಬಂದೇಬಂದರು. ರುದ್ರಮುನಿಯ ತರಗತಿಯ ಕೊನೆಯ ಬೆಂಚಿನಲ್ಲಿ ಮೊಣಕಾಲು ಹಿಡಿಸದೆ ಅಡ್ಡಡ್ಡ ಕೂತರು. ಮಕ್ಕಳು ಬೆರಳು ಮಡಚುತ್ತಾ ‘ಶಿಪ್’ ಮೂರು, ‘ಬಾಕ್ಸ್’ ನಾಲ್ಕು ಎಂದು ಒಪ್ಪಿಸಿದರು. ಅಧ್ಯಕ್ಷರಿಗೆ ಮೋಜೆನಿಸಿತು.

“ನನ್ ಹೆಸರು ಎಣಿಸ್ರಿ ನೋಡಾನ,” ಎಂದರು.

ರುದ್ರಮುನಿ ತಡೆಯುವಷ್ಟರಲ್ಲಿ ಮಕ್ಕಳು ಶುರುಮಾಡಿಯಾಗಿತ್ತು. ಪ್, ಅ, ನ್, ಚ್, ಆ... ಇಂಗ್ಲಿಷಿನಲ್ಲಿ ಜೋಡಿ ‘ಪಿ’ಗೆ ಒಂದೇ ಸದ್ದೆಂದು ಕಲಿತಿದ್ದರು. ಹತ್ತು ಬೆರಳೂ ಮುಗಿದು, ಪಕ್ಕದವರ ಎರಡು ಬೆರಳು ಕಡ ತೆಗೆದುಕೊಂಡರು.

“ಹನ್ನೆರಡು, ಸಾರ್.”

ಅಧ್ಯಕ್ಷರ ಮುಖ ಬಾಡಿತು. “ಐದಕ್ಷರದ ಮಂತ್ರ ನೆನೆಸಿ ನಮ್ಮಜ್ಜ ಇಟ್ಟ ಹೆಸರು ಇದು. ನೀವು ಹನ್ನೆರಡು ಮಾಡಿದ್ರಲ್ರಿ.”

ಸಿಟ್ಟಿಗಿಂತ ನೋವೇ ಹೆಚ್ಚಿತ್ತು ಆ ದನಿಯಲ್ಲಿ. ರುದ್ರಮುನಿಗೂ ಅದು ಅರ್ಥವಾಯಿತು. ಇಷ್ಟಲಿಂಗ ಹಿಡಿದು ದಿನಾ ‘ನಮಃ ಶಿವಾಯ’ ಎನ್ನುವವನು ತಾನೂ ಹೌದು. ಆದರೆ ಎಣಿಕೆ ತಪ್ಪೆಂದರೆ ಮಕ್ಕಳಿಗೆ ಸುಳ್ಳು ಹೇಳಿದಂತೆ, ಸರಿಯೆಂದರೆ ಕೆಲಸಕ್ಕೆ ಕುತ್ತು. ಅವನು ನಡುದಾರಿ ಹಿಡಿದ.

“ಎರಡೂ ಸರಿ ಐತ್ರಿ ಸಾರ್. ಇಂಗ್ಲಿಷ್ನಾಗೆ ಸದ್ದು ಎಣಿಸ್ತಾರೆ, ಕನ್ನಡದಾಗೆ ಅಕ್ಷರ. ಪಂ, ಚಾ, ಕ್ಷ, ರ, ಪ್ಪ. ನಮ್ ಲೆಕ್ಕಕ್ಕೆ ಐದೇ.”

ಅಧ್ಯಕ್ಷರು ತಾವೇ ಬೆರಳು ಮಡಚಿ ನೋಡಿದರು. ಒಂದೇ ಕೈಯಲ್ಲಿ ಹೆಸರು ಮುಗಿಯಿತು. ಮುಖ ಊರಗಲವಾಯಿತು. ಎದ್ದು ಬಂದು ರುದ್ರಮುನಿಯ ಬೆನ್ನು ತಟ್ಟಿದರು. ಬದುಕಿದೆಯಾ ಬಡಜೀವವೇ ಎಂದುಕೊಂಡ ಅವನು.

“ಭಾಳ ಚೆಂದ ತಿಳಿಸಿ ಹೇಳಿದ್ರಿ. ಕನ್ನಡದಾಗೆ ಐದಕ್ಕೇ ಮುಗಿಯೋದನ್ನ ಹನ್ನೆರಡು ಮಾಡೋ ಕ್ಲಾಸು ನಮಗ್ಯಾಕ ಬೇಕು? ಕನ್ನಡಕ್ಕೆ ಹೆಂಗೂ ಕಸ್ತೂರಮ್ಮ ಅದಾರೆ. ನಾಳೆಯಿಂದ ಈ ಕ್ಲಾಸು ಬ್ಯಾಡ.”

ರುದ್ರಮುನಿಗೆ ತನ್ನ ವಾದವೇ ತನ್ನ ಕುತ್ತಿಗೆಗೆ ಬಂದಿತ್ತು. ಅಧ್ಯಕ್ಷರು ಕೆಟ್ಟವರಲ್ಲ. ಮಕ್ಕಳೆದುರು ಮೇಷ್ಟ್ರ ಮರ್ಯಾದೆ ಹೋಗಬಾರದೆಂದು, ಕೊನೆಯ ಮಾತನ್ನು ಮಕ್ಕಳಿಗೆ ಅರ್ಥವಾಗದಂತೆ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು.

“ಯೂ ಮೇ ಗೋ.”

ಇಡೀ ತರಗತಿಯ ಕೈಗಳು ಮೇಲೆದ್ದವು. ಯ್, ಊ, ಮ್, ಏ, ಗ್, ಓ.

“ಆರು, ಸಾರ್.”

ಯಾರೂ ಕೇಳದೆಯೇ ಎಲ್ಲರೂ ಒಟ್ಟಿಗೆ ಸರಿಯಾಗಿ ಎಣಿಸಿದ್ದು ಈ ವರ್ಷದಲ್ಲಿ ಅದೇ ಮೊದಲು. ರುದ್ರಮುನಿಯ ಕಣ್ಣು ತುಂಬಿ ಬಂತು.

“ಕರೆಕ್ಟ್,” ಎಂದ, ಚೀಲ ಹೆಗಲಿಗೇರಿಸಿಕೊಳ್ಳುತ್ತಾ.