ಮೀನಿಗೆ ಹದಿನೈದು ದಿನ ಬೇರೆ ಬಿಡಾರ

ಮೇಷ್ಟರ ಕೆಲಸಕ್ಕೆ ಸೇರಿದ ಮೇಲೆ ನನ್ನನ್ನು ಕಂಡು ಜನ ನಗದ ವರ್ಷವೇ ಇಲ್ಲ. ಅದರಲ್ಲೂ ಎಪ್ಪತ್ತರ ದಶಕದಲ್ಲಿ, ಹುಮನಾಬಾದಿನ ಬಾಡಿಗೆ ಮನೆಯಲ್ಲಿ ಗಾಜಿನ ತೊಟ್ಟಿ ಇಟ್ಟು ಬಣ್ಣದ ಮೀನು ಸಾಕಲು ಹೊರಟ ಮೇಲೆ, ನಗುವವರು ಮನೆಗೇ ಬರತೊಡಗಿದರು.

ಬಸ್ಸಿನಲ್ಲಿ

ಮೊದಲ ಐದು ಮೀನುಗಳನ್ನು ಹೈದರಾಬಾದಿನಿಂದ ಹಾಲಿನ ಕ್ಯಾನಿನಲ್ಲಿ ತಂದೆ. ಕ್ಯಾನಿನಲ್ಲಿ ಏನಿದೆ ಎಂದು ಪಕ್ಕದಲ್ಲಿದ್ದ ಹಿರಿಯರು ಕೇಳಿದರು. ಮೀನು ಎಂದೆ. ವಿಭೂತಿ ಹಚ್ಚಿದ್ದ ಅವರು ಅಷ್ಟು ದೂರ ಸರಿದು ಕೂತರು. ತಿನ್ನುವುದಕ್ಕಲ್ಲ, ಬರೀ ನೋಡುವುದಕ್ಕೆ ಎಂದು ಮುಚ್ಚಳ ತೆಗೆದು ತೋರಿಸಿದೆ. ಕೆಂಪು ಬಂಗಾರದ ಬಣ್ಣ ನೋಡಿ ಅವರೇ ಕ್ಯಾನನ್ನು ತೊಡೆಯ ಮೇಲಿಟ್ಟುಕೊಂಡರು. ನಾನು ಮೇಷ್ಟರೆಂದು ಮಾತಿನ ನಡುವೆ ತಿಳಿದುಕೊಂಡಿದ್ದ ಅವರು ಇಳಿಯುವಾಗ ಮಾತ್ರ, “ದಿನಾ ಸಾಲ್ಯಾಗ ಹುಡುಗರಿಗಿ ನೋಡ್ತೀರಿ, ಮನ್ಯಾಗ ಇವಕ್ಕ ನೋಡ್ತೀರಿ. ನಿಮ್ಮ ಕೆಲಸ ಮಾಡೋದು ಯಾವಾಗ್ರಿ?” ಎಂದರು.

ನಾನು ಮಾಡಿದ ಕೊಲೆ

ಒಂದು ವರ್ಷ ಐದೂ ಚೆನ್ನಾಗಿದ್ದವು. ಆಮೇಲೆ ಇನ್ನೆರಡು ತಂದು ಅವತ್ತು ಸಂಜೆಯೇ ತೊಟ್ಟಿಗೆ ಬಿಟ್ಟೆ. ಮೂರನೇ ದಿನ ಅವುಗಳ ಮೈಮೇಲೆ ಉಪ್ಪು ಉದುರಿಸಿದಂಥ ಚುಕ್ಕೆ. ಎಂಟು ದಿನದಲ್ಲಿ ಆರು ಸತ್ತವು. ಬಾಲ ಹರಿದ ಹಳೆಯದೊಂದು ಮಾತ್ರ ಉಳಿಯಿತು. ಉಳಿದೊಂದನ್ನು ನನ್ನ ಹೆಂಡತಿ ಮಗುವಿನಂತೆ ನೋಡಿಕೊಳ್ಳತೊಡಗಿದಳು.

ಮತ್ತೆ ಮೀನು ತರಲು ಹೋದಾಗ ಹೈದರಾಬಾದಿನ ಮೀನಿನಂಗಡಿಯವನು ನನಗೆ ಚೆನ್ನಾಗಿ ಬೈದ. ಹೊಸದನ್ನು ಹದಿನೈದು ದಿನ ಬೇರೆಯೇ ಇಡಬೇಕು, ರೋಗವಿಲ್ಲವೆಂದು ಖಾತ್ರಿಯಾದ ಮೇಲೆ ಸೇರಿಸಬೇಕು, ಒಂದರಲ್ಲಿ ಮೀನು ಎತ್ತುವ ಜಾಳಿಗೆ ಇನ್ನೊಂದರ ನೀರಿಗೆ ತಾಕಬಾರದು ಎಂದ. ನೀವೇನು ಕೆಲಸ ಮಾಡುತ್ತೀರಿ ಎಂದೂ ಕೇಳಿದ. ಜೀವಶಾಸ್ತ್ರ ಕಲಿಸುತ್ತೇನೆ ಎನ್ನಲು ಧೈರ್ಯವಾಗದೆ, ಗಣಿತ ಎಂದೆ.

ರೋಗಿಗಳ ದರ್ಶನ

ಈ ಸಲ ತಂದ ಮೂರನ್ನು ಪಡಸಾಲೆಯಲ್ಲಿ, ಅಗಲವಾದ ಮಣ್ಣಿನ ಬಾನಿಯಲ್ಲಿ ಇಟ್ಟೆ. ಪಕ್ಕದ ಮನೆಯ ಟೇಲರ್ ಚಾಚಾಗೆ ವಿಷಯ ತಕ್ಷಣ ತಿಳಿಯಿತು. ಅವರ ಅಬ್ಬಾನ ಕಾಲದಲ್ಲಿ ಪ್ಲೇಗು ಬಂದಾಗ ಜನ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇದ್ದರಂತೆ. ಅಂಗಿ ಹೊಲಿಸಲು ಬಂದವರಿಗೆಲ್ಲ ಅವರು ಮಾಸ್ತರ ಮೀನಿಗೆ ಪ್ಲೇಗು ಎಂದರು. ಜನ ನೋಡಲು ಬಂದರು. ಒಬ್ಬರು ವಿಭೂತಿ ತಂದರು, ಇನ್ನೊಬ್ಬರು ದರ್ಗಾದಿಂದ ತಾಯಿತ ತಂದು ಬಾನಿಯ ಕಂಠಕ್ಕೆ ಕಟ್ಟಿದರು. ಹಿಂದಿನ ವರ್ಷ ನನಗೆ ವಿಷಮಜ್ವರ ಬಂದು ಇಪ್ಪತ್ತು ದಿನ ಮಲಗಿದ್ದಾಗ ಬಂದವರು ಇಬ್ಬರೇ.

ಕಲ್ಯಾಣದ ಮಗಳು

ನನ್ನ ಹೆಂಡತಿಯ ತವರು ಬಸವಕಲ್ಯಾಣ. ಮೂರನೇ ದಿನ ಅವಳು ಕೇಳಿದಳು: “ಬಂದವರಿಗಿ ಹೊರಗ ಕೂಡ್ಸಿ ಬ್ಯಾರೆ ಉಣ್ಣಾಕ ಹಾಕೋದು ಇದ್ಯಾವ ಪದ್ಧತಿರಿ? ನಮ್ಮ ಕಲ್ಯಾಣದಾಗ ಎಲ್ಲಾರೂ ಒಂದೇ ಪಂಕ್ತ್ಯಾಗ ಉಂಡಾರ.”

ನಾನು ರೋಗಾಣುಗಳ ಮೇಲೆ ಅರ್ಧ ತಾಸು ಪಾಠ ಮಾಡಿದೆ. ಅವಳ ಮಾತು ಎದೆಗೆ ನಾಟಿತ್ತು ನಿಜ. ಮನುಷ್ಯರ ನಡುವೆ ಅಂಥ ಗೆರೆ ಎಳೆದರೆ ನಾನೂ ಜಗಳಕ್ಕೆ ನಿಲ್ಲುತ್ತೇನೆ. ಆದರೆ ಉಳಿದ ಒಂದೇ ಮೀನೂ ನನ್ನ ಅವಸರಕ್ಕೆ ಸತ್ತರೆ ಅವಳ ಮುಖ ನೋಡುವುದು ಹೇಗೆ? ಅವಳು ಮರುಮಾತಾಡಲಿಲ್ಲ. ಮದುವೆಯಾಗಿ ಎರಡು ವರ್ಷವಾಗಿದ್ದರೂ ಹೆಂಡತಿಯ ಮೌನವನ್ನು ಒಪ್ಪಿಗೆ ಎಂದು ತಿಳಿಯುವಷ್ಟು ದಡ್ಡನಾಗಿದ್ದೆ.

ಹದಿನಾರನೇ ದಿನ

ಒಂದು ಚುಕ್ಕೆಯೂ ಕಾಣದೆ ಹದಿನೈದು ದಿನ ಕಳೆದವು. ಹದಿನಾರನೇ ದಿನ ಭಾನುವಾರ. ಚಾಚಾ ಮತ್ತು ಓಣಿಯ ನಾಲ್ಕು ಜನರ ಎದುರು, ಕೈ ತೊಳೆದು, ಹೊಸ ಮೀನುಗಳನ್ನು ತೊಟ್ಟಿಗೆ ಬಿಟ್ಟೆ. ಹಳೆಯದು ಹೊಸಬರನ್ನು ಅಟ್ಟಿಸಿಕೊಂಡು ಹೋಗಬಹುದು, ಗಾಬರಿಯಾಗಬೇಡಿ ಎಂದು ಮೊದಲೇ ಹೇಳಿದ್ದೆ. ಆದರೆ ಬಾಲ ಹರಿದದ್ದು ನೇರ ಅವುಗಳ ಬಳಿ ಬಂದು, ನಾಲ್ಕೂ ಸೇರಿ ಈಜಿಕೊಂಡು ಹೋದವು. ಶಿಸ್ತಿನ ಫಲ ನೋಡಿ ಎಂದು ನಾನು ಭಾಷಣ ಶುರು ಮಾಡಿದೆ.

“ಗುರ್ತು ಇದ್ದ ಮ್ಯಾಲ ಯಾಕ ಜಗಳಾಡ್ತಾವ್ರಿ?” ಎಂದಳು ಹೆಂಡತಿ. “ದಿನಾ ನೀವು ಸಾಲಿಗಿ ಹೋದ ಮ್ಯಾಲ ಇದಕ್ಕ ಬಾನ್ಯಾಗ ಬಿಡ್ತಿದ್ದೆ. ಸಂಜಿಗಿ ನೀವು ಬರೋದರಾಗ ಹೊಳ್ಳಿ ತರ್ತಿದ್ದೆ. ಒಂದೇ ಹ್ಯಾಂಗ ಇರಬೇಕ್ರಿ ದಿನಾ ಪೂರ್ತಿ?”

ಹೊಸವಕ್ಕೆ ರೋಗವಿದ್ದಿದ್ದರೆ ಅವಳ ಮೀನೂ ಹೋಗುತ್ತಿತ್ತು. ಏನೂ ಆಗದಿದ್ದದ್ದು ಬರೀ ನಮ್ಮ ಪುಣ್ಯ. ಯಾವುದರಲ್ಲಿ ಎತ್ತಿದೆ ಎಂದಷ್ಟೇ ಕೇಳಲು ಸಾಧ್ಯವಾಯಿತು. ಚಾಚಾ ಮನೆಯ ಚಹಾ ಸೋಸುವ ಜಾಳಿಗೆಯಲ್ಲಿ ಎಂದಳು. ಚಾಚಾ ಕಡೆ ನೋಡಿದೆ. ಅವರು ತೊಟ್ಟಿಯ ಕಡೆ ನೋಡಿದರು. ಓಣಿಯ ನಾಲ್ವರೂ ತೊಟ್ಟಿಯ ಕಡೆಯೇ ನೋಡಿದರು. ವಿಷಯ ಎಲ್ಲರಿಗೂ ಗೊತ್ತಿತ್ತು.

ಕೊನೆಗೆ ಚಾಚಾ ನನ್ನ ಹೆಗಲ ಮೇಲೆ ಕೈಯಿಟ್ಟು, “ನಾರಾಜ್ ಆಗಬ್ಯಾಡ್ರಿ ಮಾಸ್ತರ. ಹದಿನೈದು ದಿನ ಯಾರರೆ ಬ್ಯಾರೆ ಇದ್ರು ಅಂದ್ರ, ಅದು ನೀವೊಬ್ಬರೇ” ಎಂದರು.